ಬಿಚ್ಚಪ್ಪನ ಹೊಟ್ಟೆಗೆ ಮೂರು ತೂತು

ಬಿಚ್ಚಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಅವನು ದರ್ಜಿ, ಅದರಲ್ಲೂ ಕೋಟಿನ ದರ್ಜಿ. ಹರಿದದ್ದು, ಸುಕ್ಕಾದದ್ದು, ಬಿಗಿಯಾದದ್ದು, ಸಡಿಲವಾದದ್ದು, ಯಾವುದನ್ನೇ ಮುಂದಿಟ್ಟರೂ ಅವನ ಬಾಯಿಂದ ಬರುವುದು ಒಂದೇ ಮಾತು: "ಬಿಚ್ಚಿ ನೋಡೋಣ." ಕೋಟಿನ ಮಟ್ಟಿಗೆ ಇದು ಒಳ್ಳೆಯ ಧರ್ಮವೇ. ಆದರೆ ಧರ್ಮವೆನ್ನುವುದು ಅಂಗಡಿಯ ಹೊಸಿಲೊಳಗೇ ಇರುತ್ತದೆಯೇ? ಮನೆಯ ಗೋಡೆ ಗಡಿಯಾರ ತುಸು ನಿಧಾನವಾಯಿತೆಂದು ಬಿಚ್ಚಿ ನೋಡಿದ. ಅದು ಈಗ ಬಿಸ್ಕತ್ತಿನ ಡಬ್ಬಿಯಲ್ಲಿ ವಾಸವಾಗಿದೆ. ಪಕ್ಕದ ಮನೆಯವರ ರೇಡಿಯೋ ಗೊರಗೊರ ಅನ್ನುತ್ತದೆಂದು ಬಿಚ್ಚಿ ನೋಡಿದ. ಅಂದಿನಿಂದ ಅದು ಗೊರಗೊರ ಅಂದಿಲ್ಲ, ಮತ್ತೇನೂ ಅಂದಿಲ್ಲ. ಎದುರುಮನೆಯ ಅಜ್ಜಿ ಒಮ್ಮೆ ಕೆಮ್ಮುತ್ತ ಬೀದಿಗೆ ಬಂದವಳು ಇವನನ್ನು ಕಂಡದ್ದೇ ಕೈಯನ್ನು ಬಾಯಿಗೊತ್ತಿ, ಕೆಮ್ಮನ್ನು ನುಂಗಿಕೊಂಡು ಒಳಗೆ ಹೋದಳಂತೆ.

ಇಂಥವನಿಗೆ ಹೊಟ್ಟೆನೋವು ಬಂತು.

ಬೆಳಗ್ಗೆ ಒಬ್ಬ ವಕೀಲರಿಗೆ ಹೊಸ ಕೋಟನ್ನು ತೊಡಿಸಿ ಸರಿನೋಡುತ್ತಿದ್ದ. ವಕೀಲರ ಮೈಮೇಲೆ ಒಂದೇ ತೋಳಿನ ಕೋಟು, ಬಿಚ್ಚಪ್ಪನ ಬಾಯಲ್ಲಿ ಗುಂಡುಸೂಜಿಗಳು, ಕೊರಳಲ್ಲಿ ಅಳತೆಯ ಟೇಪು. ಹಿಂದಿನ ದಿನದಿಂದ ಹೊಕ್ಕುಳ ಸುತ್ತ ಗಿರಕಿ ಹೊಡೆಯುತ್ತಿದ್ದ ನೋವು ಆ ಗಳಿಗೆಯಲ್ಲಿ ಬಲಗಡೆ ಕೆಳಕ್ಕಿಳಿದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು. ಅದರ ಜೊತೆ ಬಿಚ್ಚಪ್ಪನೂ ನೆಲದ ಮೇಲೆ ಕೂತ. ಬಾಯಿಂದ ಒಂದು ಸೂಜಿಯೂ ಬೀಳಲಿಲ್ಲ. ಕಸುಬಿನ ಮರ್ಯಾದೆ ದೊಡ್ಡದು.

ಪರದೆಯ ಹಿಂದೆ ಕೂತು ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಹೆಂಡತಿ ಓಡಿಬಂದಳು. "ಏನ್ರೀ ಆಯ್ತು?"

"ಏನಿಲ್ಲ," ಎಂದ ಸೂಜಿಗಳ ಸಂದಿಯಿಂದ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು.

ವಕೀಲರು ಒಳ್ಳೆಯ ಮನುಷ್ಯ. ಕೋಟನ್ನು ತೆಗೆಯುವ ಹೊತ್ತನ್ನೂ ದಂಡ ಮಾಡದೆ, ಮೈತುಂಬ ಗುಂಡುಸೂಜಿ ಹೊತ್ತುಕೊಂಡೇ ಗಂಡಹೆಂಡಿರನ್ನು ತಮ್ಮ ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ತಂದರು. ಅದಕ್ಕೆ ಪ್ರತಿಫಲವೂ ಸಿಕ್ಕಿತು. ಬಾಗಿಲಲ್ಲಿದ್ದವರು, ಒಂದು ತೋಳು ಕಿತ್ತುಹೋದ ಕೋಟು, ಎದೆಗೆ ಚುಚ್ಚಿಕೊಂಡ ಸೂಜಿಗಳು, ಗಾಬರಿಯ ಮುಖ ಎಲ್ಲವನ್ನೂ ಒಂದೇ ನೋಟದಲ್ಲಿ ಕಂಡು, ವಕೀಲರನ್ನೇ ಎತ್ತಿ ಗಾಲಿಮಂಚದ ಮೇಲೆ ಮಲಗಿಸಿದರು.

"ನಾನಲ್ಲ! ನಾನಲ್ಲ!"

"ಮಾತಾಡ್ಬೇಡಿ ಸಾರ್, ರಕ್ತ ಹೋಗತ್ತೆ," ಎಂದ ಮಂಚ ತಳ್ಳುವವನು. ಹಿಂದಿನಿಂದ ಬಗ್ಗಿ ನಡೆದು ಬರುತ್ತಿದ್ದ ಬಿಚ್ಚಪ್ಪನ ಕೊರಳಲ್ಲಿ ಏನೋ ನೇತಾಡುವುದನ್ನು ಕಂಡು, "ಡಾಕ್ಟ್ರೇ, ಸ್ವಲ್ಪ ಬಾಗಿಲು ಹಿಡ್ಕೊಳ್ಳಿ," ಎಂದೂ ಹೇಳಿದ. ಬಿಚ್ಚಪ್ಪ ಹಿಡಿದುಕೊಂಡ.

ಯಾರಿಗೆ ರೋಗ, ಯಾರಿಗೆ ಕೋಟು ಎಂಬುದು ಇತ್ಯರ್ಥವಾಗಿ, ಬಿಚ್ಚಪ್ಪನ ಹೊಟ್ಟೆಯ ಫೋಟೋ ತೆಗೆದದ್ದೂ ಆದಮೇಲೆ ಶಸ್ತ್ರವೈದ್ಯೆ ಬಂದಳು. ಚಿಕ್ಕ ವಯಸ್ಸು, ಸಮಾಧಾನದ ಕಣ್ಣು. ಬಲ ಕೆಳಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಥಟ್ಟನೆ ಕೈ ಬಿಟ್ಟಳು. ಬಿಚ್ಚಪ್ಪ ಮಂಚದಿಂದ ಗೇಣುದ್ದ ಎಗರಿದ.

"ಅಪೆಂಡಿಕ್ಸ್ ಊದಿಕೊಂಡಿದೆ. ತೆಗೀಬೇಕು."

"ತೆಗೀರಿ," ಎಂದ ಬಿಚ್ಚಪ್ಪ ಧೀರನಾಗಿ. "ಬಿಚ್ಚಿ ನೋಡಿ."

"ಬಿಚ್ಚೋದು ಬೇಕಾಗಲ್ಲ. ಮೂರು ಸಣ್ಣ ತೂತು ಮಾಡ್ತೀವಿ. ಒಂದರಲ್ಲಿ ಕ್ಯಾಮೆರಾ, ಎರಡರಲ್ಲಿ ಉಪಕರಣ. ಪರದೆ ಮೇಲೆ ನೋಡ್ಕೊಂಡು ತೆಗೆದುಬಿಡ್ತೀವಿ."

ಬಿಚ್ಚಪ್ಪ ಎದ್ದು ಕೂತ. ನೋವು ಎಲ್ಲಿ ಹೋಯಿತೋ. "ತೂತು? ಏನಮ್ಮಾ, ಕಾಜಾ ತೂತಿನೊಳಗಿಂದ ಕೋಟಿನ ಅಸ್ತರು ಬದಲಾಯಿಸ್ತಾರಾ ಯಾರಾದ್ರೂ? ಒಳಗಿನ ಬಟ್ಟೆ ಕೆಟ್ಟಿದ್ರೆ ಹೊಲಿಗೆ ಬಿಚ್ಚಬೇಕು, ಹರಡಬೇಕು, ಕಣ್ಣಾರೆ ನೋಡಬೇಕು, ಆಮೇಲೆ ಕತ್ತರಿ ಇಡಬೇಕು. ತೂತಿನೊಳಗೆ ಇಣುಕಿ ನೋಡೋದು ಕಳ್ಳರ ಕೆಲಸ."

ವೈದ್ಯೆ ನಗಲಿಲ್ಲ. ಅದು ಅವಳ ದೊಡ್ಡ ಗುಣ. ಕುರ್ಚಿ ಎಳೆದುಕೊಂಡು ಕೂತೇ ಹೇಳಿದಳು: "ಎರಡೂ ರೀತಿ ಮಾಡ್ತೀವಿ, ಎರಡೂ ಒಳ್ಳೇದೇ. ಇಲ್ಲಿ ಕೆಳಗೆ ಒಂದೇ ಉದ್ದ ಸೀಳು ಹಾಕಿ ತೆಗೆಯೋದು ಹಳೇ ದಾರಿ. ಗಾಯ ದೊಡ್ಡದು, ನೋವು ಜಾಸ್ತಿ, ಗಾಯಕ್ಕೆ ಕೀವು ತುಂಬೋ ಭಯಾನೂ ಜಾಸ್ತಿ. ತೂತಾದ್ರೆ ಬೇಗ ಎದ್ದು ಓಡಾಡ್ತೀರಿ, ಬೇಗ ಕೆಲಸಕ್ಕೆ ಹೋಗ್ತೀರಿ. ಒಳಗೆ ಏನಾದ್ರೂ ಗೋಜಲಾಗಿದ್ರೆ, ತೂತಿನಲ್ಲಿ ಆಗಲ್ಲ ಅನ್ನಿಸಿದ್ರೆ, ಆಗ ಬಿಚ್ಚಿಯೇ ಬಿಚ್ತೀವಿ."

"ಕೊನೆಗೆ ಬಿಚ್ಚೋದೇ ಆದ್ರೆ ಮೊದಲೇ ಬಿಚ್ಚಿ!"

"ಔಷಧಿ ಡ್ರಿಪ್ ಹಾಕಿರ್ತೀನಿ. ಸ್ವಲ್ಪ ಯೋಚನೆ ಮಾಡಿ. ತುಂಬ ಹೊತ್ತು ಬೇಡ. ಅದು ಒಡೆದುಹೋದ್ರೆ ಆಮೇಲೆ ಯೋಚನೆ ಮಾಡೋಕೆ ಯಾರಿಗೂ ಪುರುಸೊತ್ತಿರಲ್ಲ," ಎಂದು ಎದ್ದಳು. ಹೋಗುವಾಗ ಕಿಟಕಿಯ ಪರದೆಯನ್ನು ಅವನ ಕಣ್ಣಿಗೆ ಬಿಸಿಲು ಬೀಳದಷ್ಟು ಎಳೆದು ಹೋದಳು. ಬಿಚ್ಚಪ್ಪ ಅದನ್ನು ಗಮನಿಸಲಿಲ್ಲ. ಪರದೆಯ ಅಂಚಿನ ಹೊಲಿಗೆ ಸೊಟ್ಟಗಿದೆ ಎಂಬುದನ್ನು ಮಾತ್ರ ಗಮನಿಸಿದ.

ಗಂಡಸರ ವಾರ್ಡಿನಲ್ಲಿ ಅವನ ಪಕ್ಕದ ಮಂಚದವನು ಲಾರಿ ಚಾಲಕ. ಆಳು ಬಾಗಿಲಗಲ, ಧೈರ್ಯ ಗುಬ್ಬಿಯಷ್ಟು. ಪಿತ್ತಕೋಶದಲ್ಲಿ ಕಲ್ಲು. ಮರುದಿನ ಬೆಳಗ್ಗೆ ಅವನಿಗೂ ತೂತಿನ ಆಪರೇಷನ್ ನಿಗದಿಯಾಗಿತ್ತು. ಪಕ್ಕಕ್ಕೆ ಬಂದವನು ದರ್ಜಿ ಎಂದು ತಿಳಿದದ್ದೇ ಅವನ ಮುಖ ಅರಳಿತು.

"ಮೇಷ್ಟ್ರೇ, ನೀವು ಹೊಲಿಗೆ ಬಲ್ಲವರು. ಈ ತೂತು ಮಾಡೋದು ಒಳ್ಳೇದಾ?"

ಲೋಕದಲ್ಲಿ ಕೆಲವರಿಗೆ ಅಭಿಪ್ರಾಯ ಕೇಳಬಾರದು. ಕೇಳಿದರೆ ಕೊಡುತ್ತಾರೆ. ಬಿಚ್ಚಪ್ಪ ಕಾಜಾ, ಅಸ್ತರು, ಕಳ್ಳರು ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಈ ಸಲ ದನಿ ಸ್ವಲ್ಪ ಎತ್ತರದಲ್ಲಿತ್ತು. ಆಚೆ ಮಂಚದ ಮುದುಕ, ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದವನು, "ಹಾಗಾದ್ರೆ ನಂದು ನೋಡಿ ಹೇಳಿ," ಎಂದು ಅಂಗಿ ಎತ್ತಿದ.

ಬಿಚ್ಚಪ್ಪ ಡ್ರಿಪ್ ಬಾಟಲಿ ನೇತುಹಾಕಿದ್ದ ಕೋಲನ್ನು ಊರುಗೋಲಿನಂತೆ ಹಿಡಿದು ಬಗ್ಗಿ ನೋಡಿದ. "ಕೈ ಒಳ್ಳೇದು. ಆದ್ರೆ ಕೊನೇಲಿ ಆತುರಪಟ್ಟಿದ್ದಾರೆ."

"ಊಟದ ಹೊತ್ತಾಗಿತ್ತು," ಎಂದು ಮುದುಕ ಒಪ್ಪಿಕೊಂಡ.

ಮತ್ತೊಬ್ಬ ಬಂದ. "ಇದು ಗೋಣಿಚೀಲದ ಹೊಲಿಗೆ." ಇನ್ನೊಬ್ಬ ಬಂದ. "ಇದು ಎಡಗೈಯವರು ಹಾಕಿದ್ದು. ತಪ್ಪಲ್ಲ, ಸುಮ್ಮನೆ ಹೇಳ್ದೆ." ಮೂಳೆ ಮುರಿದವನೊಬ್ಬ ತನಗೆ ಹೊಲಿಗೆಯೇ ಇಲ್ಲವೆಂದು ಸಪ್ಪೆ ಮೋರೆ ಹಾಕಿದಾಗ, ಬಿಚ್ಚಪ್ಪ ಅವನ ಪ್ಲಾಸ್ಟರನ್ನು ಬೆರಳಲ್ಲಿ ತಟ್ಟಿ, "ಗಟ್ಟಿ ಮಾಲು," ಎಂದು ಸಮಾಧಾನ ಹೇಳಿದ.

ಹಿರಿಯ ಸಿಸ್ಟರ್ ಒಳಗೆ ಬಂದಾಗ ಇಡೀ ವಾರ್ಡು ಹೊಟ್ಟೆ ತೆರೆದು ನಿಂತಿತ್ತು.

"ಇದೇನಿದು! ವಾರ್ಡೋ ಈಜುಕೊಳವೋ? ಎಲ್ಲ ಮಲಗಿ!"

ಎಲ್ಲರೂ ಮಲಗಿದರು. ಆದರೆ ಮಾತು ಮಲಗಲಿಲ್ಲ. ಸಿಸ್ಟರ್ ಲಾರಿ ಚಾಲಕನ ಹತ್ತಿರ ಹೋಗಿ, ನಾಳೆಯ ಆಪರೇಷನ್ನಿಗೆ ಮಧ್ಯರಾತ್ರಿಯಿಂದಲೇ ಏನೂ ತಿನ್ನಬಾರದೆಂದು ಹೇಳಿದರೆ ಅವನು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು, "ನಂಗೆ ತೂತು ಬೇಡ ಸಿಸ್ಟರ್. ಮೇಷ್ಟ್ರು ಬೇಡ ಅಂದ್ರು," ಎಂದುಬಿಟ್ಟ. ಹಿಂದಿನಿಂದ ಇನ್ನೆರಡು ದನಿ: "ನಮಗೂ ಬೇಡ."

ಸುದ್ದಿ ಮೇಲಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಮುಖ್ಯಸ್ಥರೇ ಇಳಿದುಬಂದರು. ಬೋಳು ತಲೆ, ಬಿಳಿ ಕೋಟು, ಹಿಂದೆ ಇಬ್ಬರು.

"ಇಲ್ಲಿ ಯಾರೋ ತಜ್ಞರು ನಮ್ಮ ಕೆಲಸಕ್ಕೆ ಮಾರ್ಕು ಕೊಡ್ತಿದ್ದಾರಂತೆ?"

"ನಾನೇ," ಎಂದ ಬಿಚ್ಚಪ್ಪ. ಹೆಂಡತಿ ಅವನ ಪಕ್ಕೆಯನ್ನು ಚಿವುಟಿದಳು. ಬಲಪಕ್ಕೆಯಾದ್ದರಿಂದ ಅವನು ಒಮ್ಮೆ ಕಿರುಚಿ, ಮತ್ತೆ ಅದೇ ಗತ್ತಿಗೆ ಬಂದ. "ನನ್ನ ಹೊಟ್ಟೆ, ನಾನು ಹೇಳ್ದಂಗೆ. ನಾನು ಯಾವ ಗಿರಾಕಿಗೂ ನನ್ನಿಷ್ಟದ ಕೋಟು ಹೊಲ್ದಿಲ್ಲ ಸ್ವಾಮೀ. ಅಂದಹಾಗೆ, ತಾವು ಹಾಕಿರೋ ಕೋಟಿನ ಎಡ ಭುಜ ಒಂದು ಬೆರಳು ಇಳಿದಿದೆ."

ಮುಖ್ಯಸ್ಥರು ತಮ್ಮ ಭುಜ ನೋಡಿಕೊಂಡರು. ಹಿಂದಿದ್ದ ಇಬ್ಬರೂ ನೋಡಿದರು. ಇಳಿದಿತ್ತು. "ಅದು... ಅದು ಒಗೆದಾಗ ಹಾಗಾಯ್ತು," ಎಂದು ಅವರು ಯಾಕೆ ಸಮಜಾಯಿಷಿ ಕೊಟ್ಟರೋ ಅವರಿಗೇ ತಿಳಿಯದು. ಬಂದ ಕೆಲಸ ಮರೆತು, ಭುಜ ಹಿಡಿದುಕೊಂಡೇ ಹೊರಟುಹೋದರು. ವಾರ್ಡಿನಲ್ಲಿ ಬಿಚ್ಚಪ್ಪನ ಹೆಸರು ಛಾವಣಿ ಮುಟ್ಟಿತು.

ಅದೇ ಹೊತ್ತಿಗೆ ಬಂದವನು ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ.

ಈ ಷಡ್ಡಕನಿಗೆ ಹರೆಯದಲ್ಲೇ ಅಪೆಂಡಿಕ್ಸ್ ತೆಗೆದಿತ್ತು, ಹಳೇ ದಾರಿಯಲ್ಲಿ. ಆ ಗಾಯದ ಗುರುತಿನ ಮೇಲೆ ಅವನು ಇಷ್ಟು ವರ್ಷ ಸಂಸಾರ ನಡೆಸಿದ್ದ ಎಂದರೂ ತಪ್ಪಿಲ್ಲ. ಭಾರ ಎತ್ತುವುದಿದ್ದರೆ ಗಾಯ ನೋಯುತ್ತಿತ್ತು, ನೆಂಟರು ಕೂಡಿದಲ್ಲಿ ಗಾಯ ಹೊರಬರುತ್ತಿತ್ತು. ಪ್ರತಿ ಸಲ ಅದು ಒಂದಿಷ್ಟು ಬೆಳೆಯುತ್ತಲೂ ಇತ್ತು. ಷಡ್ಡಕ ಯಾವುದನ್ನು ಹೌದು ಅನ್ನುತ್ತಾನೋ ಅದನ್ನು ಅಲ್ಲ ಅನ್ನುವುದು ಮದುವೆಯಾದಂದಿನಿಂದ ಬಿಚ್ಚಪ್ಪ ಪಾಲಿಸಿಕೊಂಡು ಬಂದ ವ್ರತ.

"ಭೇಷ್!" ಎಂದು ಷಡ್ಡಕ ಬಾಗಿಲಿಂದಲೇ ಕೈ ಚಾಚಿ ಬಂದ. "ತೂತು ಬೇಡ ಅಂದ್ಯಂತೆ! ಜೀವಮಾನದಲ್ಲಿ ಮೊದಲನೇ ಸಲ ನೀನು ಬುದ್ಧಿವಂತ ಅನ್ನಿಸ್ತು ನೋಡು. ನಾನು ಎಷ್ಟು ವರ್ಷದಿಂದ ಹೇಳ್ತಾ ಬಂದಿದೀನಿ, ಬಿಚ್ಚಿಸಿದ್ರೆ ಹೀಗೆ ಬಿಚ್ಚಿಸಬೇಕು," ಎಂದು ಅಂಗಿ ಎತ್ತಿ ವಾರ್ಡಿಗೆಲ್ಲ ದರ್ಶನ ಕೊಟ್ಟ. "ಮೊಣಕೈತನಕ ಒಳಗೆ ಹಾಕಿದ್ರು ಡಾಕ್ಟ್ರು!"

ಬಿಚ್ಚಪ್ಪನ ಮುಖ ಹುಳಿಯಾಯಿತು. ನೋವಿಗೆ ಬಗ್ಗದವನು, ವೈದ್ಯೆಗೆ ಬಗ್ಗದವನು, ಮುಖ್ಯಸ್ಥರಿಗೆ ಬಗ್ಗದವನು ಈಗ ಷಡ್ಡಕನ ಜೊತೆ ಒಂದೇ ಪಕ್ಷದಲ್ಲಿ ನಿಂತಿದ್ದ. ಇಂಥ ಗತಿ ಶತ್ರುವಿಗೂ ಬೇಡ.

"ಹೊಲಿಗೆ ಸೊಟ್ಟಗಿದೆ," ಎಂದ.

"ಯಾವ್ದು? ಇದಾ?"

"ಮೇಲೊಂದು ಅಳತೆ, ಕೆಳಗೊಂದು ಅಳತೆ. ಎರಡು ಅಂಚೂ ಕೂಡೇ ಇಲ್ಲ."

"ಹೊಟ್ಟೆಕಿಚ್ಚು ಕಣೋ ನಿಂಗೆ," ಎಂದು ಷಡ್ಡಕ ಅಂಗಿ ಇಳಿಸಿದ. ಆದರೂ ಹೊರಡುವ ಮುನ್ನ ನಾದಿನಿಯ ಕೈಗೆ ಬಿಸಿ ಟೀ ತುಂಬಿದ ಫ್ಲಾಸ್ಕ್ ಕೊಟ್ಟು, "ನೀನು ಬೆಳಗ್ಗೆಯಿಂದ ಏನೂ ಕುಡಿದಿರಲ್ಲ," ಎಂದು ಮೆಲ್ಲಗೆ ಹೇಳಿದ. ಸೊಟ್ಟ ಹೊಲಿಗೆಯ ಒಳಗೂ ಒಂದೊಂದು ಸಲ ನೆಟ್ಟಗಿನ ಮನುಷ್ಯ ಇರುತ್ತಾನೆ.

ಅವನು ಹೋದಮೇಲೆ ಹೆಂಡತಿ ಟೀ ಕುಡಿಯುತ್ತ, ಗೋಡೆಯನ್ನು ನೋಡುತ್ತ ಹೇಳಿದಳು: "ಅಲ್ಲಾ, ಒಂದು ಮಾತು ಕೇಳ್ತೀನಿ. ಕೋಟಿಗೆ ಅಸ್ತರು ಕೂಡಿಸಿದ ಮೇಲೆ ಒಳಗು ಹೊರಗು ಮಾಡ್ತೀರಲ್ಲ, ಹೇಗೆ ಮಾಡ್ತೀರಿ?"

"ಹೇಗೆ ಅಂದ್ರೆ? ತೋಳಿನ ಅಸ್ತರಲ್ಲಿ ಒಂದು ಸಂದಿ ಬಿಟ್ಟಿರ್ತೀನಿ. ಅದ್ರಿಂದ ಕೈ ಹಾಕಿ ಎಳೀತೀನಿ."

"ಎಷ್ಟು ಸಂದಿ?"

"ಒಂದು ಗೇಣೂ ಬೇಡ."

"ಆ ಸಂದಿಯಿಂದ ಇಡೀ ಕೋಟು ಆಚೆ ಬರತ್ತೆ."

"ಬರತ್ತೆ. ಅದು ಕೈಚಳಕ! ಯಾರಿಗೆ ಬೇಕಾದ್ರೂ..." ಬಿಚ್ಚಪ್ಪ ಮಾತು ನಿಲ್ಲಿಸಿದ. ಹೆಂಡತಿ ಟೀ ಮುಗಿಸಿ ಲೋಟ ತೊಳೆಯಲು ಹೋದಳು. ಗೆದ್ದಮೇಲೂ ಮಾತಾಡದ ಹೆಂಡತಿಯನ್ನು ಕಂಡರೆ ಎಂಥ ಗಂಡನಿಗೂ ನಡುಕ ಬರಬೇಕು.

ಆದರೆ ಸೋಲುವುದು ಬೇರೆ, ಸೋತೆ ಅನ್ನುವುದು ಬೇರೆ. "ಕೋಟೇ ಬೇರೆ, ಹೊಟ್ಟೆಯೇ ಬೇರೆ," ಎಂದು ಗೋಡೆಗೆ ಹೇಳಿಕೊಂಡು ಮಗ್ಗುಲಾದ. ನೋವು ಈಗ ಗರಗಸ ಹಿಡಿದಿತ್ತು.

ಕಣ್ಣು ಬಿಟ್ಟಾಗ ಮಂಚದ ಬದಿಯಲ್ಲಿ ಒಬ್ಬ ಸಣ್ಣ ಹೆಂಗಸು ನಿಂತಿದ್ದಳು. ಲಾರಿ ಚಾಲಕನ ಹೆಂಡತಿ. ಗಂಡ ನಿದ್ದೆಹೋಗಿದ್ದಾನೆಯೇ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ಅಣ್ಣಾ, ಬೈಯೋಕೆ ಬಂದಿಲ್ಲ. ನೀವು ತಿಳಿದವರು. ಹೋದ ತಿಂಗಳು ಇವರಿಗೆ ಗಾಡಿ ಓಡಿಸ್ತಾ ಇರೋವಾಗ್ಲೇ ನೋವು ಬಂತು. ಹೇಗೋ ಸ್ಕೂಲಿನ ಗೋಡೆ ಪಕ್ಕ ನಿಲ್ಲಿಸಿದ್ರು. ಮಕ್ಕಳು ಆಗ ತಾನೇ ಹೊರಗೆ ಬರ್ತಿದ್ರು." ಮತ್ತೊಮ್ಮೆ ಗಂಡನ ಕಡೆ ನೋಡಿದಳು. "ಹಾಗೇ ಬಿಟ್ರೆ ಇನ್ನೊಂದ್ಸಲ ಏನಾಗತ್ತೋ. ಸೀಳಿ ಮಾಡಿಸಿದ್ರೆ ತುಂಬ ದಿನ ಭಾರ ಎತ್ತೋ ಹಾಗಿಲ್ಲ. ಅಷ್ಟು ದಿನ ಮಾಲೀಕರು ಕಾಯಲ್ಲ, ಗಾಡಿ ಬೇರೆಯವರಿಗೆ ಕೊಡ್ತಾರೆ. ತೂತಾದ್ರೆ ಬೇಗ ಹೋಗಬಹುದು ಅಂತ ಡಾಕ್ಟರಮ್ಮ ಅಂದಿದ್ರು. ತಿಂಗಳಿಂದ ಹೇಳಿ ಹೇಳಿ ಒಪ್ಪಿಸಿದ್ದೆ ಅಣ್ಣಾ. ನೀವು ಒಂದೇ ಮಾತಲ್ಲಿ..."

ಬಿಚ್ಚಪ್ಪನ ಕಾಲಿನ ಮೇಲಿಂದ ಜಾರಿದ್ದ ಹೊದಿಕೆಯನ್ನು ಸರಿಮಾಡಿ ತನ್ನ ಗಂಡನ ಕಡೆ ಹೋದಳು.

ಬಿಚ್ಚಪ್ಪನ ಬಾಯಲ್ಲಿ ಈಗ ಒಂದು ಗುಂಡುಸೂಜಿಯೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಹೊರಟಾಗ ಅದು ಕೂಗಾಗಿತ್ತು.

"ಸಿಸ್ಟರ್! ಡಾಕ್ಟರಮ್ಮನ್ನ ಕರೀರಿ!"

ವೈದ್ಯೆ ಓಡಿಬಂದಳು. ಅಪೆಂಡಿಕ್ಸ್ ಒಡೆಯಿತೇನೋ ಎಂದು ಅವಳ ಗಾಬರಿ.

"ತೂತು ಮಾಡಿ," ಎಂದ ಬಿಚ್ಚಪ್ಪ, ಇಡೀ ವಾರ್ಡಿಗೆ ಕೇಳುವಂತೆ. "ಈಗಲೇ ಮಾಡಿ. ಆದ್ರೆ ಒಂದು ಮಾತು. ನಾನು ಒಪ್ಪಿದೀನಿ ಅಂತ ಯಾರೂ ತಿಳ್ಕೋಬೇಡಿ. ನಾನು ಒಪ್ಪಿಲ್ಲ! ಪರೀಕ್ಷೆ ಮಾಡ್ತಿದೀನಿ. ಮೊದಲು ನನ್ನ ಮೈಮೇಲೆ ಹೊಲಿಸಿ ನೋಡ್ತೀನಿ. ಸರಿಯಿದ್ರೆ ಸರಿ ಅಂತೀನಿ, ಕೆಟ್ಟಿದ್ರೆ ಕೆಟ್ಟದ್ದು ಅಂತೀನಿ, ನೀವು ಮುಖ ಸಿಂಡರಿಸಬಾರದು."

"ಆಯ್ತು," ಎಂದಳು ವೈದ್ಯೆ.

ಲಾರಿ ಚಾಲಕ ಮೊಣಕೈ ಊರಿ ಎದ್ದ. "ಮೇಷ್ಟ್ರೇ, ನೀವು ನೋಡಿ ಹೇಳೋತನಕ ನಾನು ಹೋಗಲ್ಲ."

"ಹೋಗ್ಬೇಡ. ಅಲ್ಲೇ ಮಲಗಿರು."

ಗಾಲಿಮಂಚದ ಮೇಲೆ ಅವನನ್ನು ತಳ್ಳಿಕೊಂಡು ಹೋಗುವಾಗ ಹೆಂಡತಿ ಬಾಗಿಲವರೆಗೂ ಅವನ ಕಿರುಬೆರಳನ್ನು ಹಿಡಿದುಕೊಂಡೇ ನಡೆದಳು. ಒಳಗೆ ಮಂಪರಿನ ಔಷಧಿ ಕೊಡುವವರು, "ಹತ್ತರಿಂದ ಹಿಂದಕ್ಕೆ ಎಣಿಸಿ," ಎಂದರು.

"ಇಂಚಲ್ಲೋ, ಸೆಂಟಿಮೀಟರಲ್ಲೋ?" ಎಂದು ಬಿಚ್ಚಪ್ಪ ಸವಾಲು ಹಾಕಿದ. ಉತ್ತರ ಬರುವಷ್ಟರಲ್ಲಿ ಅವನು ಅಲ್ಲಿರಲಿಲ್ಲ, ನಿದ್ದೆಯಲ್ಲಿದ್ದ.

ಎಚ್ಚರವಾದದ್ದೇ ಅವನು ಆಡಿದ ಮೊದಲ ಮಾತು, "ಭುಜ!" ಹೊಟ್ಟೆಗಿಂತ ಬಲಭುಜವೇ ಹೆಚ್ಚು ನೋಯುತ್ತಿತ್ತು. "ನೋಡಿದ್ಯಾ?" ಎಂದ ಹೆಂಡತಿಗೆ. "ದಾರಿ ತಪ್ಪಿದ್ದಾರೆ! ಹೊಟ್ಟೆಗೆ ಅಂತ ಹೊರಟು ಭುಜಕ್ಕೆ ಹೋಗಿದ್ದಾರೆ!"

ವೈದ್ಯೆ ಬಂದು, ಒಳಗೆ ಜಾಗವಾಗಲೆಂದು ಹೊಟ್ಟೆಗೆ ಗಾಳಿ ತುಂಬಿರುತ್ತೇವೆ, ಆ ಗಾಳಿಯ ಕಾಟ ಭುಜಕ್ಕೆ ತಟ್ಟುತ್ತದೆ, ಬೇಗ ಇಳಿಯುತ್ತದೆ ಎಂದು ತಿಳಿಸಿ ಹೇಳಿದಳು. ಅಪೆಂಡಿಕ್ಸ್ ಇನ್ನೇನು ಒಡೆಯುವುದರಲ್ಲಿತ್ತಂತೆ. ಬಿಚ್ಚಪ್ಪ, "ನನ್ನ ಹತ್ರ ಗಾಳಿ ತುಂಬೋ ಕೋಟು ಯಾರೂ ಕೇಳಿಲ್ಲ," ಎಂದು ಗೊಣಗಿ ಮತ್ತೆ ನಿದ್ದೆ ಹೋದ.

ಮರುದಿನ ಬೆಳಗ್ಗೆ ಅವನು ತಾನೇ ಎದ್ದು ಕೂತ, ತಾನೇ ಕಿಟಕಿಯವರೆಗೆ ನಡೆದ, ನಡೆದದ್ದಕ್ಕೆ ತಾನೇ ಸಿಟ್ಟಾದ. ಇಷ್ಟು ಸುಲಭವಾದರೆ ವಾದಕ್ಕೆ ಏನು ಉಳಿಯಿತು? ಉಳಿದದ್ದು ಹೊಲಿಗೆ ಒಂದೇ. ಲಾರಿ ಚಾಲಕನನ್ನು ಕರೆದೊಯ್ಯಲು ಗಾಲಿಮಂಚ ಬಂದು ನಿಂತಿತ್ತು. ಅವನು ತನ್ನ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ಹೆಂಡತಿ ಗೋಡೆಗೊರಗಿ ನಿಂತಿದ್ದಳು. ಸಿಸ್ಟರ್ ಮತ್ತು ವೈದ್ಯೆ ಬಿಚ್ಚಪ್ಪನ ಹೊಟ್ಟೆಯ ಪಟ್ಟಿಗಳನ್ನು ಮೆಲ್ಲಗೆ ಬಿಡಿಸಿದರು.

ಬಿಚ್ಚಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿದ. ಹೊಕ್ಕುಳ ಹತ್ತಿರ ಒಂದು, ಕೆಳಗೆ ಎರಡು ಸಣ್ಣ ಗೆರೆಗಳು. ಗೆರೆಗಳ ಮೇಲೆ ಏನೋ ಮಿರಮಿರ ಮಿಂಚುತ್ತಿತ್ತು. ಅವನು ಬೆಳಕಿನ ಕಡೆ ತಿರುಗಿ ನೋಡಿದ. ಕನ್ನಡಕ ಒರೆಸಿಕೊಂಡು ನೋಡಿದ.

"ಹೊಲಿಗೆ ಎಲ್ಲಿ?" ಎಂದ, ಪಿಸುದನಿಯಲ್ಲಿ.

"ಒಳಗೆ ಕರಗೋ ದಾರ ಒಂದೆರಡು ಹಾಕಿದೀವಿ," ಎಂದು ವೈದ್ಯೆಯೂ ಪಿಸುಗುಟ್ಟಿದಳು. "ಮೇಲೆ ಚರ್ಮಕ್ಕೆ ಅಂಟು."

ಅಂಟು! ಬಿಚ್ಚಪ್ಪನ ಕಿವಿ ಕೆಂಪಾಯಿತು. ಸಿದ್ಧ ಉಡುಪಿನ ಅಂಗಡಿಯವರು ಅಂಚನ್ನು ಹೊಲಿಯದೆ ಅಂಟಿಸುತ್ತಾರೆಂದು ಅವರ ಮೆಟ್ಟಿಲನ್ನೂ ತುಳಿಯದವನು ಅವನು. ಅಂಟು ಬಳಸಿದ ಕೆಲಸಗಾರನನ್ನು ಅದೇ ದಿನ ಮನೆಗೆ ಕಳಿಸಿದವನು. ಅವನ ಹೊಟ್ಟೆಯನ್ನೇ ಲಕೋಟೆಯಂತೆ ಅಂಟಿಸಿಬಿಟ್ಟಿದ್ದಾರೆ! ಹೇಳಲು ಬಾಯಿ ತೆರೆದ.

"ಮೇಷ್ಟ್ರೇ," ಎಂದ ಲಾರಿ ಚಾಲಕ. ಕೈ ಇನ್ನೂ ಕಂಬಿಯ ಮೇಲೇ ಇತ್ತು. "ಹೊಲಿಗೆ ಹೇಗಿದೆ?"

ಹರ್ನಿಯಾ ಮುದುಕ ಕಿವಿಗೆ ಕೈ ಕೊಟ್ಟು ಕೂತ. ಗೋಡೆಗೊರಗಿದ್ದ ಸಣ್ಣ ಹೆಂಗಸು ಬಿಚ್ಚಪ್ಪನನ್ನು ನೋಡಲಿಲ್ಲ, ನೆಲವನ್ನು ನೋಡುತ್ತಿದ್ದಳು.

ಬಿಚ್ಚಪ್ಪ ತೆರೆದ ಬಾಯನ್ನು ಮುಚ್ಚಿದ. ಒಂದು ಸಲ ಉಗುಳು ನುಂಗಿದ. ಅದು ಇಳಿದದ್ದು ಎಲ್ಲರಿಗೂ ಕಾಣಿಸಿತು.

"ಹುಡುಕಿದೆ ಕಣಯ್ಯಾ," ಎಂದ ಗಟ್ಟಿಯಾಗಿ. "ಹೊಲಿಗೆ ಕಣ್ಣಿಗೇ ಕಾಣಲ್ಲ. ಇಷ್ಟು ವರ್ಷದಲ್ಲಿ ಇಂಥ ಕೆಲಸ ನಾನು ಮಾಡಿಲ್ಲ, ಮಾಡೋದೂ ಇಲ್ಲ. ಹೋಗಿ ಬಾ."

ಲಾರಿ ಚಾಲಕನ ಕೈ ಕಂಬಿಯಿಂದ ಒಂದೊಂದೇ ಬೆರಳಾಗಿ ಸಡಿಲವಾಯಿತು. ಗಾಲಿಮಂಚ ಕಿರುಗುಟ್ಟುತ್ತ ಹೊರಟಿತು. ಸಣ್ಣ ಹೆಂಗಸು ಹಿಂದೆಯೇ ಓಡಿದಳು. ಬಾಗಿಲಲ್ಲಿ ನಿಂತಿದ್ದ ಬಿಚ್ಚಪ್ಪನ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಒತ್ತಿ ಹೋದಳು.

ವೈದ್ಯೆಯೂ ಹೊರಟಳು. ಬಿಚ್ಚಪ್ಪ ಅವಳ ಕೋಟಿನ ತೋಳನ್ನು ಹಿಡಿದೆಳೆದ. ಕಣ್ಣಲ್ಲಿ ಕಿಡಿ, ದನಿ ಮಾತ್ರ ಪಕ್ಕದ ಮಂಚಕ್ಕೂ ಕೇಳದಷ್ಟು ಕೆಳಗೆ.

"ಡಾಕ್ಟರಮ್ಮಾ, ನನ್ನದು ಆಗಿಹೋಯ್ತು, ನಾನು ಹೇಗೋ ಸಹಿಸ್ಕೋತೀನಿ. ಆ ಮನುಷ್ಯನಿಗಾದ್ರೂ ಮೇಲೆ ನಾಲ್ಕು ದಾರ ಹಾಕಿ. ದಾರ ಇಲ್ದಿದ್ರೆ ನಾಚಿಕೆ ಪಡಬೇಡಿ, ಕೇಳಿ. ನನ್ನ ಹೆಂಡತಿ ಚೀಲದಲ್ಲಿ ಎಲ್ಲ ಬಣ್ಣದ್ದೂ ಇದೆ."